ಪಾರ್ಟ್ನರ್ 1 ಸ್ಪೇಡ್ ಅಂದಾಗ ಏನು ಹೇಳಬೇಕು? ನಾಲ್ಕು ಪದ್ಧತಿ ಆಡಿ ನೋಡಿದೆವು

ಎದುರಿಗೆ ಕೂತ ಮಾವ 1 ಸ್ಪೇಡ್ ಚೀಟಿ ಇಟ್ಟರು. ನನ್ನ ಕೈಯಲ್ಲಿ ನಾಲ್ಕು ಸ್ಪೇಡ್, 11 ಪಾಯಿಂಟ್. ಬ್ರಿಡ್ಜ್ ಅನ್ನೋ ಎಲೆ ಆಟ ಆಡುವವರಿಗೆ ಇದು ಖುಷಿಯ ಗಳಿಗೆ. ತುರುಪು ಯಾವುದು ಅನ್ನೋದು ಇತ್ಯರ್ಥವಾಯಿತು, ಎಷ್ಟು ಎತ್ತರಕ್ಕೆ ಹೋಗಬೇಕು ಅನ್ನೋದು ಮಾತ್ರ ಬಾಕಿ. ಆ ಬಾಕಿಗೆ ಉತ್ತರ ಹುಡುಕುತ್ತಾ ನಾನೂ ಮಾವನೂ ಒಂದು ವರ್ಷ ಕಳೆದೆವು. ನಾಲ್ಕು ಪದ್ಧತಿ, ಒಂದೊಂದಕ್ಕೂ ಮೂರು ತಿಂಗಳು. ಅಂಗಡಿಯ ಹಳೇ ಖಾತೆ ಪುಸ್ತಕವೊಂದರಲ್ಲಿ ಮುಖ್ಯವಾದ ಕೈಗಳನ್ನೆಲ್ಲ ಬರೆದಿಟ್ಟಿದ್ದೇನೆ. ಅದನ್ನು ಪಕ್ಕದಲ್ಲಿ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮಾವ ಅಂದರೆ ನನ್ನ ಅಮ್ಮನ ತಮ್ಮ. ದಾವಣಗೆರೆಯ ಹತ್ತಿ ಗಿರಣಿಯೊಂದರ ಆಫೀಸಿನಲ್ಲಿ ಕೆಲಸ ಮಾಡಿದವರು. ಅಲ್ಲಿ ಸಂಜೆ ಹೊತ್ತು ದೊಡ್ಡವರ ಟೇಬಲ್‌ನಲ್ಲಿ ನಾಲ್ಕನೆಯವರು ಬಾರದ ದಿನ ಇವರನ್ನು ಕೂರಿಸಿಕೊಳ್ಳುತ್ತಿದ್ದರಂತೆ. ಹಾಗೆ ಕಲಿತದ್ದು. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಟೇಬಲ್ ಚದುರಿಹೋಯಿತು, ಆಟ ಮಾತ್ರ ಮಾವನಲ್ಲಿ ಉಳಿಯಿತು. ನನ್ನದು ಬೀಜ-ಗೊಬ್ಬರದ ಅಂಗಡಿ. ಎಲೆ ಹಿಡಿಯುವುದನ್ನು ಮಾವನಿಂದ ಕಲಿತೆ. ಉಳಿದದ್ದನ್ನು ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಬ್ರಿಡ್ಜ್ ಬೇಸ್ ಆನ್‌ಲೈನ್‌ನಲ್ಲಿ ಆಡಿ ಆಡಿ ಕಲಿತೆ. ಭಾನುವಾರ ಮಧ್ಯಾಹ್ನ ವಿದ್ಯಾನಗರದ ಮಾವನ ಮನೆಯಲ್ಲಿ ನಾಲ್ಕು ಜನ ಸೇರುತ್ತೇವೆ: ನಾವಿಬ್ಬರು ಒಂದು ಕಡೆ, ನಿವೃತ್ತ ಡಾಕ್ಟರ್ ದಂಪತಿ ಇನ್ನೊಂದು ಕಡೆ. ಐದು ಗಂಟೆಗೆ ಮಂಡಕ್ಕಿ ಮಿರ್ಚಿ ಬರುತ್ತದೆ. ಅದು ಮುಗಿದು ಕೈ ತೊಳೆಯುವವರೆಗೆ ಯಾರೂ ಎಲೆ ಮುಟ್ಟುವ ಹಾಗಿಲ್ಲ. ಇದು ಅತ್ತೆ ಹಾಕಿದ ನಿಯಮ.

ಮಾವನಿಗೆ ಕಿವಿ ಸ್ವಲ್ಪ ಮಂದ. ಅದಕ್ಕೇ ಬಾಯಲ್ಲಿ ಬಿಡ್ (ಹರಾಜಿನ ಕೂಗು) ಹೇಳುವುದನ್ನು ಬಿಟ್ಟೆವು. ಹಳೇ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಕತ್ತರಿಸಿ, ಸ್ಕೆಚ್ ಪೆನ್ನಿನಲ್ಲಿ ಬರೆದು, ಬಿಡ್ ಚೀಟಿ ಮಾಡಿಕೊಂಡಿದ್ದೇವೆ. ಟೂರ್ನಮೆಂಟ್‌ಗಳಲ್ಲೂ ಅಚ್ಚು ಹಾಕಿದ ಚೀಟಿಗಳ ಡಬ್ಬಿ ಇರುತ್ತದೆ. ದನಿಯ ಏರಿಳಿತದಲ್ಲಿ ಗುಟ್ಟು ಬಿಟ್ಟುಕೊಡಬಾರದು ಅನ್ನೋದು ಅದರ ಉದ್ದೇಶ. ನಮ್ಮಲ್ಲಿ ಎರಡೂ ಕೆಲಸ ಆಯಿತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 52 ಎಲೆ, ನಾಲ್ಕು ಜನ, ತಲಾ 13. ಎದುರುಬದುರು ಕೂತವರು ಜೊತೆ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1, ಒಟ್ಟು 40 ಪಾಯಿಂಟ್. ಮೊದಲು ಹರಾಜು: ಯಾವ ಜಾತಿ ತುರುಪು, ಎಷ್ಟು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಇಳಿಸುವ ಸುತ್ತು) ಗೆಲ್ಲುತ್ತೇವೆ ಅಂತ ಕೂಗಬೇಕು. ಆಮೇಲೆ ಆಟ. ಆರರ ಮೇಲೆ ಎಷ್ಟು ಅನ್ನೋದು ಲೆಕ್ಕ, ಅಂದರೆ 4 ಸ್ಪೇಡ್ ಕೂಗಿದರೆ ಹತ್ತು ಟ್ರಿಕ್ ಮಾಡಬೇಕು. ಸ್ಪೇಡ್, ಹಾರ್ಟ್ ಎರಡೂ ಮೇಜರ್. ಅವುಗಳಲ್ಲಿ ಹತ್ತು ಟ್ರಿಕ್ ಕೂಗಿ ಮಾಡಿದರೆ ಗೇಮ್ ಬೋನಸ್. 4 ಸ್ಪೇಡ್ ಕೂಗಿ ಹತ್ತು ಮಾಡಿದರೆ 420. ಅದೇ ಹತ್ತು ಟ್ರಿಕ್ಕನ್ನು 3 ಸ್ಪೇಡ್ ಕೂಗಿ ಮಾಡಿದರೆ 170. ವಲ್ನರಬಲ್ (ಬೋನಸ್ಸೂ ದಂಡವೂ ಹೆಚ್ಚಿರುವ ಸರದಿ) ಆಗಿದ್ದರೆ 420ರ ಜಾಗದಲ್ಲಿ 620. ಹೀಗಾಗಿ ಸರಿಯಾಗಿ ಕೂಗುವುದೇ ಆಟದ ಅರ್ಧಭಾಗ.

ದಾವಣಗೆರೆಯವರಿಗೆ ಹರಾಜು ಹೊಸದಲ್ಲ. ಆದರೆ ಒಂದು ವ್ಯತ್ಯಾಸ ಇದೆ. ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ರೇಟು ಹೇಳುತ್ತಾರಲ್ಲ, ಬ್ರಿಡ್ಜ್‌ನಲ್ಲಿ ಅದಕ್ಕೆ ಜಾಗ ಇಲ್ಲ. ಇಲ್ಲಿ ಜೊತೆಗಾರರು ಏನೇ ಸಂಕೇತ ಮಾಡಿಕೊಂಡರೂ ಎದುರಾಳಿಗೆ ಹೇಳಲೇಬೇಕು. ಅವರು ಕೇಳಿದರೆ ಅರ್ಥ ವಿವರಿಸಬೇಕು. ನಾವು ಪ್ರತಿ ಪದ್ಧತಿ ಶುರು ಮಾಡುವ ಮುಂಚೆ ಡಾಕ್ಟರ್ ದಂಪತಿಗೆ ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದು ಕೊಡುತ್ತಿದ್ದೆವು. ಇಸ್ಪೀಟು ಅಂದ ಕೂಡಲೇ ಅಂದರ್ ಬಾಹರ್ ನೆನಪಾಗುವ ಜನರಿಗೆ ನಾನು ಮೊದಲು ಹೇಳುವುದೇ ಈ ಮಾತು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್, ಶಿಬನಾಥ್ ಸರ್ಕಾರ್ ಜೋಡಿ ಭಾರತಕ್ಕೆ ಚಿನ್ನ ತಂದಾಗ ನನ್ನ ಅಂಗಡಿಗೆ ಬಂದ ಎಷ್ಟೋ ಜನ "ಎಲೆ ಆಟಕ್ಕೆ ಚಿನ್ನಾನಾ?" ಅಂತ ಕೇಳಿದ್ದರು. ಬರ್ಧನ್ ಅವರಿಗೆ ಆಗ 60 ವರ್ಷ. ಮಾವ ಆ ಪೇಪರ್ ತುಣುಕನ್ನು ಇವತ್ತಿಗೂ ಇಟ್ಟುಕೊಂಡಿದ್ದಾರೆ.

ಈಗ ವಿಷಯ. ಮೊದಲ ಮೂರು ತಿಂಗಳು ಮಾವನ ಹಳೇ ಪದ್ಧತಿ ಆಡಿದೆವು. ಇದು ಅಮೆರಿಕದ ಬ್ರಿಡ್ಜ್ ಗುರು ಚಾರ್ಲ್ಸ್ ಗೋರೆನ್ ಕಾಲದ್ದು. ಪಾರ್ಟ್ನರ್ 1 ಸ್ಪೇಡ್ ಅಂದಾಗ 2 ಸ್ಪೇಡ್ ಅಂದರೆ 6ರಿಂದ 10 ಪಾಯಿಂಟ್. ಒಂದು ಮೆಟ್ಟಿಲು ಹಾರಿ 3 ಸ್ಪೇಡ್ ಅಂದರೆ 13 ಅಥವಾ ಜಾಸ್ತಿ, ಗೇಮ್ ಆಗುವವರೆಗೆ ಯಾರೂ ಪಾಸ್ ಮಾಡುವ ಹಾಗಿಲ್ಲ. ಮಾವನ ವಾದ ಸರಳ. "ಅಳಿಯಾ, ಒಳ್ಳೇ ಕೈ ಇದ್ದರೆ ಎದೆ ತಟ್ಟಿ ಹೇಳು. ಸ್ಲ್ಯಾಮ್ ಇದೆಯೋ ಇಲ್ಲವೋ ನಿಧಾನಕ್ಕೆ ಮಾತಾಡೋಣ." ಸ್ಲ್ಯಾಮ್ ಅಂದರೆ ಹನ್ನೆರಡು ಅಥವಾ ಹದಿಮೂರೂ ಟ್ರಿಕ್ ಕೂಗಿ ಮಾಡುವುದು. ದೊಡ್ಡ ಕೈ ಬಂದಾಗ ಮಾವನ ಮಾತು ನೂರಕ್ಕೆ ನೂರು ನಿಜ. ಆ ಮೂರು ತಿಂಗಳಲ್ಲಿ ಒಂದು ಸ್ಲ್ಯಾಮನ್ನು ಇದೇ ದಾರಿಯಲ್ಲಿ ನಿರಾಳವಾಗಿ ಮುಟ್ಟಿದ್ದೂ ಇದೆ.

ತೊಂದರೆ ನಡುವಿನಲ್ಲಿ. 11, 12 ಪಾಯಿಂಟಿನ ಕೈಗೆ ಈ ಪದ್ಧತಿಯಲ್ಲಿ ನೇರ ದಾರಿ ಇಲ್ಲ. ನಾನು ಮೊದಲು ಹೇಳಿದ ಕೈ ಇದು: ಸ್ಪೇಡ್ ರಾಜ, ಗುಲಾಮ, 6, 2, ಹಾರ್ಟ್ ಎಕ್ಕ, 8, 4, ಡೈಮಂಡ್ ರಾಜ, 7, ಕ್ಲಬ್ 8, 7, 5, 3. ಎರಡು ಸ್ಪೇಡಿಗೆ ಭಾರ, ಮೂರು ಸ್ಪೇಡಿಗೆ ಹಗುರ. ಹಾಗಾಗಿ ಮೊದಲು ಬೇರೆ ಜಾತಿ ಹೇಳಿ, ಆಮೇಲೆ ಸ್ಪೇಡಿಗೆ ಬರಬೇಕು. ನಾನು 2 ಕ್ಲಬ್ ಅಂದೆ. ಕ್ಲಬ್‌ನಲ್ಲಿ ನನಗಿದ್ದ ದೊಡ್ಡ ಎಲೆ ಎಂಟು. ಪಕ್ಕದಲ್ಲಿ ಡಾಕ್ಟರ್ ಆರು ಹಾರ್ಟ್ ಹಿಡಿದು 3 ಹಾರ್ಟ್ ಚೀಟಿ ಇಟ್ಟರು. ಮಾವ ಪಾಸ್, ಡಾಕ್ಟರ್ ಮನೆಯವರೂ ಪಾಸ್. ಈಗ ನಾನು 3 ಸ್ಪೇಡ್ ಅಂದರೆ ಮಾವನಿಗೆ ಏನು ಅರ್ಥವಾಗಬೇಕು? ನಾಲ್ಕು ಎಲೆಯೋ, ಮೂರೋ, ಇಲ್ಲಾ ಬೇರೆ ಗತಿ ಇಲ್ಲದೆ ಎರಡೆಲೆ ಇಟ್ಟುಕೊಂಡು ವಾಪಸ್ ಬಂದದ್ದೋ? ಅವರು ಪಾಸ್ ಮಾಡಿದರು.

ಮಾವನ ಕೈ: ಸ್ಪೇಡ್ ಎಕ್ಕ, ರಾಣಿ, 10, 7, 3, ಹಾರ್ಟ್ ರಾಜ, 5, ಡೈಮಂಡ್ ಎಕ್ಕ, 8, 4, ಕ್ಲಬ್ 9, 6, 2. ಎರಡೂ ಕೈ ಜೋಡಿಸಿ ನೋಡಿ. ಕ್ಲಬ್ಬಿನಲ್ಲಿ ಮೂರು ಟ್ರಿಕ್ ಹೋಗುತ್ತದೆ, ಅಷ್ಟೇ. ಮೂರನೇ ಡೈಮಂಡನ್ನು ನನ್ನ ಕೈಯ ತುರುಪಿನಲ್ಲಿ ಹೊಡೆಯಬಹುದು. ಹತ್ತು ಟ್ರಿಕ್ ಎದ್ದು ಕಾಣುತ್ತವೆ. ಇಬ್ಬರದೂ ಸೇರಿ 24 ಪಾಯಿಂಟ್. ಬರೆದುಕೊಂಡದ್ದು 170. ಮಾವ ಆ ಪುಟದ ಮೂಲೆಯಲ್ಲಿ ತಾವೇ ಬರೆದಿದ್ದಾರೆ: "4 ಎಲೆ ಅಂತ ಗೊತ್ತಿದ್ದರೆ ಹೋಗುತ್ತಿದ್ದೆ."

ಈ ಒಂದು ಸಾಲು ನಮ್ಮ ಇಡೀ ವರ್ಷದ ಹುಡುಕಾಟಕ್ಕೆ ದಿಕ್ಕು ತೋರಿಸಿತು. ಪಾರ್ಟ್ನರ್‌ಗೆ ಸಪೋರ್ಟ್ ಕೊಡುವಾಗ ಹೇಳಬೇಕಾದದ್ದು ಮೂರು: ಎಷ್ಟು ತುರುಪು, ಎಷ್ಟು ಬಲ, ಯಾವ ಜಾತಿಯಲ್ಲಿ ಒಂಟಿ ಎಲೆ ಅಥವಾ ಖಾಲಿ. ನಾನು ಆವರೆಗೆ ಬಲವೇ ಮೊದಲು ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಮೊದಲು ತುರುಪಿನ ಎಣಿಕೆ.

ಎರಡನೇ ಸರದಿ ಲಿಮಿಟ್ ರೈಸ್. ರೈಸ್ ಅಂದರೆ ಪಾರ್ಟ್ನರ್ ಹೇಳಿದ ಜಾತಿಯನ್ನೇ ಮೇಲೇರಿಸುವುದು. ಇವತ್ತು ಬಹಳ ಕಡೆ ಆಡುವುದು ಇದನ್ನೇ, ಆನ್‌ಲೈನ್‌ನಲ್ಲಿ ಗುರುತಿಲ್ಲದ ಪಾರ್ಟ್ನರ್ ಸಿಕ್ಕರೂ ಇದು ಗೊತ್ತಿರುತ್ತದೆ. 3 ಸ್ಪೇಡ್ ಅಂದರೆ 10ರಿಂದ 12 ಪಾಯಿಂಟ್. ಚೆನ್ನಾಗಿದ್ದರೆ ಗೇಮಿಗೆ ಹೋಗು, ಇಲ್ಲದಿದ್ದರೆ ಪಾಸ್ ಮಾಡು. ಮೇಲಿನ ಕೈಗೆ ಹೇಳಿ ಮಾಡಿಸಿದ ಹಾಗಿದೆ. ಮಾವನಿಗೂ ಎರಡನೇ ವಾರಕ್ಕೇ ಹೊಂದಿಕೊಂಡಿತು. ನೆನಪಿಡಬೇಕಾದ್ದು ಹೆಚ್ಚೇನಿಲ್ಲ, ಅದು ಇದರ ದೊಡ್ಡ ಗುಣ.

ಆದರೆ ನಾವು ಇದನ್ನು ಮೂರು ಎಲೆಯಲ್ಲೂ ಕೂಗುತ್ತಿದ್ದೆವು, ನಾಲ್ಕು ಎಲೆಯಲ್ಲೂ ಕೂಗುತ್ತಿದ್ದೆವು. ಮೂರು ಎಲೆ, 11 ಪಾಯಿಂಟ್ ಹಿಡಿದು ನಾನು 3 ಸ್ಪೇಡ್ ಅಂದ ಒಂದು ದಿನ ಮಾವನ ಹತ್ತಿರ ಬರೇ 12 ಇತ್ತು. ಒಂಬತ್ತು ಟ್ರಿಕ್ ಆಗಲಿಲ್ಲ, ಎಂಟಕ್ಕೆ ನಿಂತಿತು. ಎರಡರಲ್ಲಿ ನಿಂತಿದ್ದರೆ 110 ನಮ್ಮದು, ಈಗ 50 ಅವರದು. ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ನಾಲ್ಕು ತುರುಪು, ಮೂರೋ ನಾಲ್ಕೋ ಪಾಯಿಂಟ್ ಇರುವ ಬಡಕಲು ಕೈಗೆ ಇಲ್ಲಿ ಬಾಯೇ ಇಲ್ಲ. ಪಾಸ್ ಮಾಡಿದರೆ ಎದುರಾಳಿಗೆ ದಾರಿ ಸಲೀಸು. 2 ಸ್ಪೇಡ್ ಅಂದರೆ ಪಾರ್ಟ್ನರ್ 9 ಪಾಯಿಂಟ್ ಇದೆ ಅಂದುಕೊಂಡು ಮುನ್ನುಗ್ಗುತ್ತಾರೆ.

ಈ ಬಡಕಲು ಕೈ ಎಷ್ಟು ಬೆಲೆಬಾಳುತ್ತದೆ ಅಂತ ತೋರಿಸಿಕೊಟ್ಟದ್ದು ಮೂರನೇ ಪದ್ಧತಿ: ಅಮೆರಿಕದ ಆಟಗಾರ ಮಾರ್ಟಿ ಬರ್ಗೆನ್ ಅವರ ಹೆಸರಿನ ಬರ್ಗೆನ್ ರೈಸ್. ಅದರ ಬೇರು ಒಂದು ಲೆಕ್ಕದಲ್ಲಿದೆ. 1969ರಲ್ಲಿ ಫ್ರಾನ್ಸಿನ ಜ್ಯಾಂ-ರೆನೆ ವೆರ್ನ್ ಒಂದು ಲೇಖನ ಬರೆದರು. ನಮ್ಮ ತುರುಪು, ಅವರ ತುರುಪು ಎರಡನ್ನೂ ಕೂಡಿದರೆ, ಎರಡೂ ಕಡೆಯವರು ತಮ್ಮ ತಮ್ಮ ತುರುಪಿನಲ್ಲಿ ಗೆಲ್ಲುವ ಟ್ರಿಕ್‌ಗಳ ಮೊತ್ತಕ್ಕೆ ಹೆಚ್ಚುಕಡಿಮೆ ಸಮ ಬರುತ್ತದೆ ಅನ್ನೋದು ಅದರ ಸಾರ. ಆಟದ ಮೇಜಿನಲ್ಲಿ ಇದನ್ನು ಹೀಗೆ ಬಳಸುತ್ತಾರೆ: ನಮ್ಮದು ಎಂಟು ತುರುಪಾದರೆ ಎರಡರ ಮಟ್ಟ, ಒಂಬತ್ತಾದರೆ ಮೂರರ ಮಟ್ಟ. ಬರ್ಗೆನ್ ಅವರ ಪಾರ್ಟ್ನರ್ ಆಗಿದ್ದ ಲ್ಯಾರಿ ಕೋಹೆನ್ 1990ರ ದಶಕದಲ್ಲಿ ಇದನ್ನು ಮನೆಮನೆಗೆ ಮುಟ್ಟಿಸಿದರು. ಮೇಜರ್‌ನಲ್ಲಿ ಐದು ಎಲೆ ಇದ್ದರೇ ಓಪನ್ ಮಾಡುವುದು, ಅಂದರೆ ಆ ಜಾತಿಯಿಂದ ಹರಾಜು ಶುರು ಮಾಡುವುದು, ನಮ್ಮ ಕ್ರಮ. ನನ್ನ ಹತ್ತಿರ ನಾಲ್ಕಿದ್ದರೆ ಒಂಬತ್ತು ಆಯಿತಲ್ಲ. ಹಾಗಿದ್ದ ಮೇಲೆ ಎರಡರ ಮಟ್ಟದಲ್ಲಿ ನಿಲ್ಲುವುದು ಯಾಕೆ?

ಬರ್ಗೆನ್ ರೈಸ್‌ನಲ್ಲಿ ನಾಲ್ಕು ತುರುಪಿನ ಕೈಗಳೆಲ್ಲ ನೇರ ಮೂರರ ಮಟ್ಟಕ್ಕೆ ಹೋಗುತ್ತವೆ. 3 ಕ್ಲಬ್ ಅಂದರೆ 7ರಿಂದ 10 ಪಾಯಿಂಟ್, 3 ಡೈಮಂಡ್ ಅಂದರೆ 10ರಿಂದ 12, 3 ಸ್ಪೇಡ್ ಅಂದರೆ ಆರಕ್ಕಿಂತ ಮೇಲಿಲ್ಲ. 2 ಸ್ಪೇಡ್ ಮೂರು ಎಲೆಗೆ ಮೀಸಲು. ಕ್ಲಬ್ಬಿಗೂ ಡೈಮಂಡಿಗೂ ಇಲ್ಲಿ ಸಂಬಂಧವೇ ಇಲ್ಲ, ಅವು ಬರೀ ಸಂಕೇತ.

ಒಂದು ಭಾನುವಾರ ನನಗೆ ಬಂದದ್ದು ಇದು. ಸ್ಪೇಡ್ ಗುಲಾಮ, 10, 6, 2. ಹಾರ್ಟ್ 5 ಒಂದೇ. ಡೈಮಂಡ್ ರಾಣಿ, 8, 7, 4, 3. ಕ್ಲಬ್ 9, 6, 5. ಮೂರೇ ಪಾಯಿಂಟ್. ಮಾವ 1 ಸ್ಪೇಡ್, ಡಾಕ್ಟರ್ ಮನೆಯವರು ಪಾಸ್. ನಾನು 3 ಸ್ಪೇಡ್ ಚೀಟಿ ಇಟ್ಟೆ. ಡಾಕ್ಟರ್ ಎಲೆ ಜೋಡಿಸಿದರು, ಬಿಚ್ಚಿದರು, ಮತ್ತೆ ಜೋಡಿಸಿದರು. ಒಳ್ಳೇ ಕೈ ಇತ್ತು ಅಂತ ಆಮೇಲೆ ಗೊತ್ತಾಯಿತು. ಆದರೆ ನಾಲ್ಕರ ಮಟ್ಟದಲ್ಲಿ ಒಬ್ಬರೇ ಒಳಗೆ ಬರಬೇಕು. ಪಾಸ್ ಮಾಡಿದರು. ಮಾವ ಏಳೇ ಟ್ರಿಕ್ ಮಾಡಿದರು, ಎರಡು ಡೌನ್, ನಮಗೆ 100 ನಷ್ಟ. ಅವರು ವಲ್ನರಬಲ್. ಅವರಿಗೆ 4 ಹಾರ್ಟ್ ಆಗುತ್ತಿತ್ತು, 620. ಸೋತು ಗೆದ್ದ ಇಂಥ ಕೈಗಳು ಆ ಮೂರು ತಿಂಗಳಲ್ಲಿ ಮತ್ತೆ ಮತ್ತೆ ಬಂದವು. ಮಾವನಿಗೆ ಮೊದಮೊದಲು ಇದು ಒಗ್ಗಲಿಲ್ಲ. ಮೂರು ಪಾಯಿಂಟ್ ಇಟ್ಟುಕೊಂಡು ಒಂಬತ್ತು ಟ್ರಿಕ್ ಕೂಗುವುದು ಅವರು ಕಲಿತ ಆಟಕ್ಕೇ ವಿರುದ್ಧ. ಆದರೆ ಖಾತೆ ಪುಸ್ತಕ ನೋಡಿದ ಮೇಲೆ ಅವರೇ ಹೇಳಿದರು: "ಇದನ್ನ ಬಿಡೋದು ಬ್ಯಾಡಪ್ಪ."

ಬಿಡಬೇಕಾಗಿ ಬಂದದ್ದು ಬೇರೆಯದನ್ನು. ನಾನು 3 ಕ್ಲಬ್ ಅಂದಾಗ ಮಾವ ಒಮ್ಮೆ ಪಾಸ್ ಮಾಡಿದರು. ಮೂರು ಗಂಟೆ ಆಡಿ ದಣಿದಿದ್ದರು, ಕ್ಲಬ್ ಅಂದರೆ ಕ್ಲಬ್ ಅಂತಲೇ ಅನ್ನಿಸಿತು. ಮೇಜಿನ ಮೇಲೆ ಎಲೆ ಬಿಚ್ಚಿದಾಗ ಇಬ್ಬರದೂ ಸೇರಿ ಐದು ಕ್ಲಬ್, ಒಂಬತ್ತು ಸ್ಪೇಡ್. ಯಾರೂ ಮಾತಾಡಲಿಲ್ಲ. ಆ ರಾತ್ರಿ ಮಾವ ಫೋನ್ ಮಾಡಿ ಕೇಳಿದರು: "ಸ್ಪೇಡ್ ಎಷ್ಟಿದೆ ಅಂತ ಹೇಳೋಕೆ ಕಳಾವರ್ ಯಾಕೆ ಬೇಕು ಅಳಿಯಾ?" ಅವರ ಬಾಯಲ್ಲಿ ಇವತ್ತಿಗೂ ಅವು ಕಳಾವರ್, ಆಟೀನು. ಪ್ರಶ್ನೆ ಸರಿಯಾಗಿಯೇ ಇತ್ತು. ಸ್ಪೇಡ್ ಅಂತ ಹೇಳೋಕೆ ನಮಗಿರುವುದು 2, 3, 4, ಮೂರೇ ಮಾತು. ಕೈಗಳು ಮಾತ್ರ ಹತ್ತಾರು ಬಗೆ. ಅದಕ್ಕೇ ಬೇರೆಯವರ ಹೆಸರು ಸಾಲ ತರಬೇಕು. ಆದರೆ ಸಾಲ ಎಷ್ಟು ತರಬೇಕು ಅನ್ನೋದು ತೀರಿಸುವವರ ಶಕ್ತಿ ನೋಡಿಕೊಂಡು ಅಲ್ವಾ?

ಬರ್ಗೆನ್‌ನಲ್ಲಿ ಇನ್ನೆರಡು ದೋಷ ಕಂಡೆವು. ಎದುರಾಳಿ 3 ಡೈಮಂಡಿಗೆ ಡಬಲ್ (ನಮ್ಮ ಕೂಗಿನ ಮೇಲೆ ಅವರು ಹಾಕುವ ಸವಾಲು) ಹಾಕಿ, ಡೈಮಂಡ್ ಇಳಿಸು ಅಂತ ತನ್ನ ಪಾರ್ಟ್ನರ್‌ಗೆ ಪುಕ್ಕಟೆ ಸುದ್ದಿ ಕೊಡಬಹುದು. ಎರಡನೆಯದು ಹಾರ್ಟ್ ಓಪನ್ ಮಾಡಿದಾಗ. 1 ಹಾರ್ಟಿಗೆ 3 ಡೈಮಂಡ್ ಬಂದರೆ 3 ಹಾರ್ಟಿಗೆ ಮುಂಚೆ ಒಂದು ಮೆಟ್ಟಿಲೂ ಉಳಿಯುವುದಿಲ್ಲ. ಏನನ್ನೂ ಕೇಳುವ ಹಾಗಿಲ್ಲ, ನಿಲ್ಲು ಇಲ್ಲವೇ ಹೋಗು.

ದೊಡ್ಡ ಕೈಗಳಿಗೆ ಬರ್ಗೆನ್ ಜೊತೆಗೆ ಎರಡು ಸಾಧನ ಇಟ್ಟುಕೊಂಡಿದ್ದೆವು. ಒಂದು ಜಾಕೋಬಿ 2 ನೋಟ್ರಂಪ್, ಆಸ್ವಾಲ್ಡ್ ಜಾಕೋಬಿ ಹೆಸರಿನದು. ನೋಟ್ರಂಪ್ ಅಂದರೆ ತುರುಪಿಲ್ಲದ ಆಟ, ಇಲ್ಲಿ ಅದೂ ಬರೀ ಸಂಕೇತ. ನಾಲ್ಕು ತುರುಪು, ಗೇಮಿನ ಬಲ ಇದ್ದವರು 2 ನೋಟ್ರಂಪ್ ಅನ್ನುತ್ತಾರೆ. ಓಪನ್ ಮಾಡಿದವರು ಒಂಟಿ ಎಲೆ ಇದ್ದರೆ ಆ ಜಾತಿಯನ್ನು ಮೂರರ ಮಟ್ಟದಲ್ಲಿ ತೋರಿಸಬೇಕು. ಇನ್ನೊಂದು ಸ್ಪ್ಲಿಂಟರ್, ಡೊರೊಥಿ ಹೇಡನ್ ಟ್ರಸ್ಕಾಟ್ ತಂದದ್ದು. 1 ಸ್ಪೇಡಿಗೆ ನೇರ 4 ಡೈಮಂಡ್ ಅಂದರೆ: ನಾಲ್ಕು ತುರುಪಿದೆ, ಗೇಮಿನ ಬಲ ಇದೆ, ಡೈಮಂಡ್ ಒಂದೇ ಅಥವಾ ಖಾಲಿ.

ಎರಡೂ ಇದ್ದರೆ ಯಾವುದನ್ನು ಯಾವಾಗ ಎತ್ತಬೇಕು? ಇದನ್ನು ಒಂದು ಕೈ ನನಗೆ ಕಲಿಸಿತು. ನನ್ನದು: ಸ್ಪೇಡ್ ರಾಜ, ಗುಲಾಮ, 6, 3, ಹಾರ್ಟ್ ಎಕ್ಕ, ರಾಣಿ, 8, 2, ಡೈಮಂಡ್ 4, ಕ್ಲಬ್ ರಾಣಿ, 7, 5, 2. ಮಾವ 1 ಸ್ಪೇಡ್ ಅಂದರು, ನಾನು 2 ನೋಟ್ರಂಪ್. ಅವರು 3 ನೋಟ್ರಂಪ್, ಅಂದರೆ ಒಂಟಿ ಎಲೆ ಇಲ್ಲ, 15ರಿಂದ 17 ಪಾಯಿಂಟ್. ನನಗೆ ಮುಂದೆ ಹೋಗಲು ಧೈರ್ಯ ಬರಲಿಲ್ಲ. 4 ಸ್ಪೇಡಿಗೆ ನಿಂತೆ. ಮಾವನ ಕೈ: ಸ್ಪೇಡ್ ಎಕ್ಕ, ರಾಣಿ, 10, 7, 4, ಹಾರ್ಟ್ ರಾಜ, 6, ಡೈಮಂಡ್ 8, 6, 5, ಕ್ಲಬ್ ಎಕ್ಕ, ರಾಜ, 3. ಒಂದು ಡೈಮಂಡ್ ಕೊಟ್ಟರು, ಉಳಿದ ಎರಡನ್ನು ನನ್ನ ತುರುಪಿನಲ್ಲಿ ಹೊಡೆದರು, ಹನ್ನೆರಡು ಟ್ರಿಕ್. 480 ಬರೆದುಕೊಂಡೆವು. 6 ಸ್ಪೇಡ್ ಕೂಗಿದ್ದರೆ 980.

ಮಾರನೇ ದಿನ ಸಂಜೆ ಅದೇ ಇಪ್ಪತ್ತಾರು ಎಲೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆವು. ಮಾವ ತಮ್ಮ ಮೂರು ಡೈಮಂಡನ್ನು ಹೊರಗೆ ಎಳೆದು, ಹೆಬ್ಬೆರಳಿನಲ್ಲಿ ಅದುಮಿ ಹಿಡಿದು, ಉಳಿದ ಹತ್ತು ಎಲೆಗಳ ಪಾಯಿಂಟ್ ಎಣಿಸಿದರು. ಹದಿನಾರು. ಇದ್ದದ್ದೆಲ್ಲ ಅಲ್ಲೇ. ನಾನು 4 ಡೈಮಂಡ್ ಅಂದಿದ್ದರೆ ಅವರಿಗೆ ಆ ಕ್ಷಣಕ್ಕೇ ಗೊತ್ತಾಗುತ್ತಿತ್ತು: ತಮ್ಮ 16ರಲ್ಲಿ ಒಂದು ಪಾಯಿಂಟೂ ಡೈಮಂಡ್‌ನಲ್ಲಿ ವ್ಯರ್ಥವಾಗಿಲ್ಲ. ಬ್ಲ್ಯಾಕ್‌ವುಡ್ ಮೂಲಕ ಎಕ್ಕ ಎಷ್ಟಿವೆ ಅಂತ ಕೇಳಿ, ಒಂದೇ ಎಕ್ಕ ಕಡಿಮೆ ಅಂತ ತಿಳಿದು ಆರಕ್ಕೆ ಹೋಗುತ್ತಿದ್ದರು. ಅದೇ ಅವರ ಕೈಯಲ್ಲಿ ಡೈಮಂಡ್ ರಾಜ, ರಾಣಿ ಇದ್ದು ಬೇರೆ ಕಡೆ ಐದು ಪಾಯಿಂಟ್ ಕಡಿಮೆ ಇದ್ದಿದ್ದರೆ ಒಟ್ಟು ಅದೇ 16, ಆದರೆ ಸ್ಲ್ಯಾಮ್ ಇರುತ್ತಿರಲಿಲ್ಲ. ಜಾಕೋಬಿ ಅಂದರೆ ಕೇಳುವುದು, ಸ್ಪ್ಲಿಂಟರ್ ಅಂದರೆ ಹೇಳುವುದು. ಒಂಟಿ ಎಲೆ ನನ್ನ ಹತ್ತಿರ ಇರುವಾಗ ನಾನು ಕೇಳುತ್ತಾ ಕೂತಿದ್ದೆ. ಆವತ್ತಿನಿಂದ ನಮ್ಮ ಕ್ರಮ ಗಟ್ಟಿಯಾಯಿತು: 11ರಿಂದ 14 ಪಾಯಿಂಟ್, ಒಂಟಿ ಎಲೆ ಇದೆ, ಹೇಳು. ಒಂಟಿ ಎಲೆ ಇಲ್ಲ, ಅಥವಾ ಕೈ ಇನ್ನೂ ದೊಡ್ಡದು, ಕೇಳು.

ಸ್ಪ್ಲಿಂಟರ್‌ನಲ್ಲೂ ಒಂದು ಗುಂಡಿ ಇದೆ. 1 ಸ್ಪೇಡಿಗೆ 4 ಹಾರ್ಟ್. ನನಗೆ ಅದು ಹಾರ್ಟ್ ಒಂಟಿ. ಹಳೇ ಆಟದಲ್ಲಿ ಬೆಳೆದ ಮಾವನಿಗೆ ಅದು ಉದ್ದನೆ ಹಾರ್ಟ್, ಇಲ್ಲೇ ನಿಲ್ಲೋಣ. ಅವರು ನಿಂತರು. ಆಡಬೇಕಾದವನು ನಾನು, ನನ್ನ ಕೈಯಲ್ಲಿ ಹಾರ್ಟ್ ಒಂದೇ ಒಂದು. ಇಬ್ಬರೂ ಕೂತು ಮಾತಾಡಿಕೊಳ್ಳದೆ ಇದನ್ನು ಆಡಬೇಡಿ. ನಾವು ಈಗ 1 ಸ್ಪೇಡಿಗೆ 4 ಹಾರ್ಟ್ ಅಂದರೆ ಹಾರ್ಟೇ, ಸ್ಪ್ಲಿಂಟರ್ ಅಲ್ಲ ಅಂತ ಮಾಡಿಕೊಂಡಿದ್ದೇವೆ. ಮಾವ ಹಟ ಹಿಡಿದರು, ನಾನು ಒಪ್ಪಿದೆ. ಸ್ಪ್ಲಿಂಟರ್‌ಗೆ 4 ಕ್ಲಬ್, 4 ಡೈಮಂಡ್ ಸಾಕು.

ಕೊನೆಯ ಮೂರು ತಿಂಗಳು ನಾವೇ ಹೊಲಿದುಕೊಂಡ ಅಂಗಿ. ಹೊಲಿಗೆ ನಮ್ಮದು, ಬಟ್ಟೆ ಎಲ್ಲ ಬೇರೆಯವರದ್ದೇ. ಇದರ ತುಣುಕುಗಳನ್ನು ದೊಡ್ಡ ಆಟಗಾರರು ಬಹಳ ಕಾಲದಿಂದ ಆಡುತ್ತಿದ್ದಾರೆ. ನಡುವಿನ ಕಂಬ ಒಂದೇ: 2 ನೋಟ್ರಂಪ್ ಅಂದರೆ ನಾಲ್ಕು ತುರುಪು, 10 ಪಾಯಿಂಟ್ ಅಥವಾ ಜಾಸ್ತಿ, ಮೇಲೆ ಮಿತಿ ಇಲ್ಲ. ಲಿಮಿಟ್ ರೈಸೂ ಇದರೊಳಗೇ, ಜಾಕೋಬಿಯೂ ಇದರೊಳಗೇ. ಓಪನ್ ಮಾಡಿದವರು ಕೈ ಸಾಧಾರಣವಾಗಿದ್ದರೆ 3 ಕ್ಲಬ್ ಅನ್ನಬೇಕು. ಅದಕ್ಕೆ 3 ಸ್ಪೇಡ್ ಬಂದರೆ ಬರೇ ಲಿಮಿಟ್, ಅಲ್ಲಿಗೆ ನಿಂತಿತು. 4 ಸ್ಪೇಡ್ ಬಂದರೆ ಗೇಮ್, ಇನ್ನೇನೂ ಇಲ್ಲ. ಸ್ಲ್ಯಾಮಿನ ಆಸೆ ಇದ್ದರೆ 3 ಡೈಮಂಡ್ ಅಂತ ಕೇಳಬೇಕು, ಆಗ ಒಂಟಿ ಎಲೆ ತೋರಿಸಬೇಕು. ಓಪನ್ ಮಾಡಿದವರ ಕೈ ಚೆನ್ನಾಗಿದ್ದು ಒಂಟಿ ಎಲೆ ಇಲ್ಲದಿದ್ದರೆ ಅವರೇ 3 ಡೈಮಂಡ್. ಅದಕ್ಕಿಂತ ಮೇಲಿನ ಉತ್ತರಗಳೆಲ್ಲ ಚೆನ್ನಾದ ಕೈ, ಜೊತೆಗೆ ಒಂಟಿ ಎಲೆ.

ಉಳಿದದ್ದು ಚುಟುಕಾಗಿ. 3 ಕ್ಲಬ್: ನಾಲ್ಕು ತುರುಪು, 7ರಿಂದ 9. 3 ಡೈಮಂಡ್: ಮೂರೇ ತುರುಪು, 10ರಿಂದ 12. 3 ಸ್ಪೇಡ್: ಬಡಕಲು ನಾಲ್ಕು ತುರುಪು. 2 ಸ್ಪೇಡ್: ಮೂರು ತುರುಪು, 6ರಿಂದ 9. ಸ್ಪ್ಲಿಂಟರ್ ಮೊದಲಿನ ಹಾಗೇ.

ಜಾಕೋಬಿಗಿಂತ ಇದು ಯಾಕೆ ಹಿಡಿಸಿತು ಅಂದರೆ, ಗುಟ್ಟು ಕಡಿಮೆ ಬಯಲಾಗುತ್ತದೆ. ಜಾಕೋಬಿಯಲ್ಲಿ ಓಪನ್ ಮಾಡಿದವರ ಕೈ ಸಾಧಾರಣವಾಗಿದ್ದರೂ ಒಂಟಿ ಎಲೆ ಇದ್ದರೆ ತೋರಿಸಲೇಬೇಕು. ಕೊನೆಗೆ 4 ಸ್ಪೇಡಿಗೇ ನಿಂತರೂ ಎದುರಾಳಿ ಅದನ್ನೆಲ್ಲ ಕೇಳಿಸಿಕೊಂಡಿರುತ್ತಾನೆ, ಯಾವ ಎಲೆ ಇಳಿಸಬೇಕು ಅಂತ ಅವನಿಗೆ ಗೊತ್ತಾಗಿರುತ್ತದೆ. ನಮ್ಮಲ್ಲಿ 3 ಕ್ಲಬ್, 4 ಸ್ಪೇಡ್, ಮುಗಿಯಿತು. ಕೇಳಿದರೆ ಮಾತ್ರ ಉತ್ತರ.

ಎರಡನೇ ಕಾರಣ ನನಗೆ ಇನ್ನೂ ದೊಡ್ಡದು. ಪಾರ್ಟ್ನರ್ 1 ಸ್ಪೇಡ್ ಅಂದ ಮೇಲೆ ಎದುರಾಳಿ ಡಬಲ್ ಹಾಕಿದರೆ 2 ನೋಟ್ರಂಪ್ ಅಂದರೆ ಒಳ್ಳೇ ರೈಸ್ ಅನ್ನೋದು ಬಹಳ ಹಳೇ ಕ್ರಮ. ಟ್ರಸ್ಕಾಟ್ ಅಂತಲೂ ಜೋರ್ಡಾನ್ ಅಂತಲೂ ಕರೆಯುತ್ತಾರೆ. ಬರ್ಗೆನ್ ಆಡುವಾಗ ನಮಗೆ ಎರಡು ನೆನಪು ಬೇಕಾಗಿತ್ತು: ಎದುರಾಳಿ ಸುಮ್ನಿದ್ದರೆ 3 ಡೈಮಂಡ್ ಲಿಮಿಟ್ ರೈಸ್, ಡಬಲ್ ಹಾಕಿದರೆ 2 ನೋಟ್ರಂಪ್ ಲಿಮಿಟ್ ರೈಸ್. ಈಗ ಎದುರಾಳಿ ಪಾಸ್ ಮಾಡಲಿ, ಡಬಲ್ ಹಾಕಲಿ, ಎರಡರ ಮಟ್ಟದಲ್ಲಿ ಬೇರೆ ಜಾತಿ ಕೂಗಲಿ, 2 ನೋಟ್ರಂಪ್‌ಗೆ ಒಂದೇ ಅರ್ಥ. ಇನ್ನೊಂದು ಪದ್ಧತಿ ಕಾಗದದ ಮೇಲೆ ಇದಕ್ಕಿಂತ ಎರಡು ಟ್ರಿಕ್ ಜಾಣ ಇರಬಹುದು. ಮೂರನೇ ಗಂಟೆಯಲ್ಲಿ, ದಣಿದ ತಲೆಯಲ್ಲಿ ಉಳಿಯುವ ಪದ್ಧತಿಯೇ ನನಗೆ ಬೇಕು.

ಖರ್ಚೂ ಇದೆ. 11, 12 ಪಾಯಿಂಟಿನ, ಸ್ಪೇಡ್ ಎರಡೇ ಇರುವ ಸಮತಟ್ಟು ಕೈಯಲ್ಲಿ ಸಹಜವಾಗಿ 2 ನೋಟ್ರಂಪ್ ಅನ್ನುವ ಹಾಗಿಲ್ಲ. ಮೊದಲು 1 ನೋಟ್ರಂಪ್ ಅಥವಾ ಬೇರೆ ಜಾತಿ ಹೇಳಿ ಸುತ್ತಿ ಬರಬೇಕು. ಉದ್ದನೆ ಕ್ಲಬ್ ಇದ್ದು ಬಲ ಇಲ್ಲದ ಕೈಯಲ್ಲಿ 3 ಕ್ಲಬ್ ಅನ್ನುವ ಹಾಗೂ ಇಲ್ಲ. ಹಾರ್ಟ್ ಓಪನ್ ಆದಾಗ ಮೂರು ತುರುಪಿನ 3 ಡೈಮಂಡ್‌ಗೆ ಬರ್ಗೆನ್‌ನ ಅದೇ ಇಕ್ಕಟ್ಟು ಉಳಿದಿದೆ. ಜೊತೆಗೆ ಅಲ್ಲಿ ಎಂಟೇ ತುರುಪಿಗೆ ಮೂರರ ಮಟ್ಟ, ವೆರ್ನ್ ಲೆಕ್ಕಕ್ಕೆ ಒಂದು ಮೆಟ್ಟಿಲು ಜಾಸ್ತಿಯೇ. ಇದಕ್ಕೆ ನಮ್ಮ ಹತ್ತಿರ ಇನ್ನೂ ಮದ್ದಿಲ್ಲ.

ಡ್ರೂರಿ ಬಗ್ಗೆ ಒಂದು ಮಾತು. ಮೊದಲು ಪಾಸ್ ಮಾಡಿದವರು, ಆಮೇಲೆ ಪಾರ್ಟ್ನರ್ ಮೂರನೆಯವರಾಗಿಯೋ ನಾಲ್ಕನೆಯವರಾಗಿಯೋ 1 ಸ್ಪೇಡ್ ಅಂದರೆ, 2 ಕ್ಲಬ್ ಅಂತ ಕೇಳುವುದು: ನಿಜವಾಗಿಯೂ ಓಪನ್ ಮಾಡುವಷ್ಟು ಇದೆಯಾ? ಡಗ್ಲಾಸ್ ಡ್ರೂರಿ ಇದನ್ನು ಮಾಡಿದ್ದು, ಪಾರ್ಟ್ನರ್ ಎರಿಕ್ ಮರ್ರೆ ಮೂರನೇ ಸರದಿಯಲ್ಲಿ ತೆಳ್ಳನೆ ಕೈಯಲ್ಲೂ ಓಪನ್ ಮಾಡುತ್ತಿದ್ದರು ಅಂತ. ನಾವು ಉಲ್ಟಾ ಡ್ರೂರಿ ಆಡುತ್ತೇವೆ: ಇಲ್ಲ ಅನ್ನಬೇಕಾದರೆ 2 ಸ್ಪೇಡ್, ಅಲ್ಲಿಗೆ ನಿಂತೆವು. ಮಾವ ಇದನ್ನು ಒಂದೇ ದಿನದಲ್ಲಿ ಒಪ್ಪಿಕೊಂಡರು. ಇಡೀ ವರ್ಷದಲ್ಲಿ ಚರ್ಚೆಯೇ ಆಗದೆ ಒಳಗೆ ಬಂದದ್ದು ಇದೊಂದೇ.

ಹೊಸ ಜೋಡಿ ನನ್ನನ್ನು ಕೇಳಿದರೆ ಲಿಮಿಟ್ ರೈಸ್‌ನಿಂದ ಶುರು ಮಾಡಿ ಅನ್ನುತ್ತೇನೆ, ಆದರೆ ಮೊದಲ ದಿನದಿಂದಲೇ ಅದನ್ನು ನಾಲ್ಕು ಎಲೆಗೆ ಮಾತ್ರ ಇಟ್ಟುಕೊಳ್ಳಿ. ಇಬ್ಬರೂ ವಾರಕ್ಕೆ ಎರಡು ಮೂರು ಸಲ ಜೊತೆಗೇ ಆಡುವವರು, ನೆನಪು ಚುರುಕಾಗಿದೆ ಅಂದರೆ ಬರ್ಗೆನ್ ಕೈಕೊಡುವುದಿಲ್ಲ. ನಾವು ಮಾತ್ರ ನಾಲ್ಕನೆಯದಕ್ಕೇ ಅಂಟಿಕೊಂಡಿದ್ದೇವೆ.

ಹೋದ ಭಾನುವಾರ ನಾನು 1 ಸ್ಪೇಡ್ ಅಂದೆ. ಡಾಕ್ಟರ್ ಡಬಲ್ ಹಾಕಿದರು. ಹಿಂದಿನ ವರ್ಷ ಇಂಥ ಹೊತ್ತಿನಲ್ಲಿ ಮಾವ ಚೀಟಿಗಳ ಮೇಲೆ ಕೈ ಆಡಿಸುತ್ತಾ ನಿಂತುಬಿಡುತ್ತಿದ್ದರು: ಡಬಲ್ ಆದ ಮೇಲೆ ಯಾವುದು ಯಾವುದು ಅಂತ. ಈ ಸಲ ನೇರ 2 ನೋಟ್ರಂಪ್ ಚೀಟಿ ಎಳೆದು ಮುಂದಿಟ್ಟರು. ನಾನು 3 ಕ್ಲಬ್, ಅವರು 3 ಸ್ಪೇಡ್. ಒಂಬತ್ತು ಟ್ರಿಕ್ ಬಂತು, 140. ಮಾವ ಖಾತೆ ಪುಸ್ತಕ ಎಳೆದುಕೊಂಡು ತಾವೇ ಬರೆದರು.